ಬತ್ತಿಯ ಹಾಲು

ಹುಮನಾಬಾದಿನ ದವಾಖಾನೆಯ ಪಡಸಾಲೆಯಲ್ಲಿ ಕೂತು ಸುಂದರಬಾಯಿ ಕೂಸನ್ನು ಇನ್ನೊಮ್ಮೆ ಬಿಚ್ಚಿ ನೋಡಿ, ಮತ್ತೆ ಅರಳೆಯಲ್ಲಿ ಸುತ್ತಿದಳು. ಹೆರಿಗೆ ಕೋಣೆಯ ಬಾಯಿ ಆಕೆ. ಎಷ್ಟೋ ಕೂಸುಗಳನ್ನು ಕೈಯಲ್ಲಿ ಹಿಡಿದವಳು. ಆದರೂ ಈ ಕೂಸನ್ನು ಹಿಡಿಯುವಾಗ ಅವಳ ಬೆರಳುಗಳೂ ಸಾವಕಾಶವಾಗುತ್ತಿದ್ದವು. ಎಂಟು ತಿಂಗಳು ತುಂಬುವ ಮೊದಲೇ ಹುಟ್ಟಿದ ಹೆಣ್ಣು ಕೂಸು. ಕಿವಿಗಳಿನ್ನೂ ಗಟ್ಟಿಯಾಗಿರಲಿಲ್ಲ, ಮಡಚಿದರೆ ಮಡಚಿದ ಹಾಗೇ ಉಳಿಯುತ್ತಿದ್ದವು. ಬೆನ್ನ ತುಂಬ ನವಿರಾದ ರೋಮ. ಅತ್ತರೆ ಬೆಕ್ಕಿನ ಮರಿ ಎಲ್ಲೋ ದೂರದ ಹಿತ್ತಲಲ್ಲಿ ಕೂಗಿದಂತೆ ಕೇಳುತ್ತಿತ್ತು.

"ಅರಳಿ ಭಾಳ ಛಲೋ ಅದ ನೋಡ್ರಿ. ನಮ್ಮ ದವಾಖಾನಿ ಹತ್ತಿಗಿಂತಾ ಮೆತ್ತಗದ," ಎಂದಳು ಸುಂದರಬಾಯಿ.

"ನಮ್ಮ ಕಸಬೇ ಅದಲ್ರಿ ಬಾಯಿ. ಎರಡು ಸಲ ಹಿಂಜಿಸಿ ತಂದೀನಿ," ಎಂದಳು ಮುನ್ನಿ ಬೀ. ಹತ್ತಿ ಹಿಂಜುವ ಪಿಂಜಾರರ ಮನೆಯಲ್ಲಿ ಬೇರೆ ಏನು ಕಡಿಮೆಯಿದ್ದರೂ ಅರಳೆಗೆ ಕಡಿಮೆಯಿಲ್ಲ. ಮೊಮ್ಮಗಳಿಗಾಗಿ ಆಕೆ ತಾನೇ ಕೂತು ಒಂದು ಬೀಜದ ಚೂರು, ಒಂದು ಒಣಗಿದ ಎಲೆಯ ಪುಡಿ ಉಳಿಯದ ಹಾಗೆ ಆರಿಸಿದ್ದಳು.

"ಹಂಗಿದ್ರ ಕೇಳ್ರಿ. ಕೂಸಿಗಿ ಚೀಪೋ ತಾಕತ್ತು ಇನ್ನಾ ಬಂದಿಲ್ಲ. ಎದಿಗಿ ಹಚ್ಚಿದ್ರ ದಣಕೊಂಡು ಮಕ್ಕೊಂಡ್ಬಿಡ್ತದ. ಅರಳಿ ಬತ್ತಿ ಮಾಡಿ, ಹಾಲಾಗ ಅದ್ದಿ, ತುಟಿ ಮ್ಯಾಲ ಒಂದು ಹನಿ ಬಿಡಬೇಕು. ನುಂಗಿದ ಮ್ಯಾಲ ಇನ್ನೊಂದು. ಅವಸರ ಮಾಡಿದ್ರ ಹಾಲು ಉಸಿರಿನ ದಾರಿಗಿ ಹೋಗ್ತದ. ಮತ್ತ ಹಾಲು ತಾಯಿದೇ ಆಗಬೇಕು. ಆಡಿಂದು ಆಕಳದು ಈ ಹೊಟ್ಟಿಗಿ ಜಡ." ಸುಂದರಬಾಯಿ ಗೋಡೆಗೆ ಒರಗಿ ಕೂತಿದ್ದ ಬಾಣಂತಿಯ ಕಡೆ ನೋಡಿ ದನಿ ತಗ್ಗಿಸಿದಳು. "ಇಕಿಗಿ ಜ್ವರದಾಗ ಹಾಲು ಹಿಂಗ್ಯಾವ. ಹಿಂಡ್ಕೋತ ಇದ್ರ ಬಂದ್ರೂ ಬಂದಾವು. ಅಲ್ಲೀತನಾ ಮನ್ಯಾಗ ಮತ್ಯಾರರ ಮೊಲಿ ಕುಡಿಸೋರು ಅದಾರೇನ್ರಿ?"

ಮುನ್ನಿ ಬೀ ಸೆರಗಿನ ಅಂಚನ್ನು ತಲೆಯ ಮೇಲೆ ಸರಿಮಾಡಿಕೊಂಡಳು.

"ಇಲ್ರಿ ಬಾಯಿ. ಯಾರೂ ಇಲ್ಲ."

ಗೋಡೆಗೆ ಒರಗಿದ್ದ ಸೊಸೆ ರಾಬಿಯಾ ತಲೆಯೆತ್ತಿ ಅತ್ತೆಯನ್ನು ನೋಡಿದಳು.

"ಹಂಗಿದ್ರ ಆಡಿನ ಹಾಲಿಗಿ ನೀರು ಬೆರಸಿ, ಕುದಿಸಿ ಹಾಕ್ರಿ. ಮತ್ತೇನು ಮಾಡೂದು," ಎಂದು ಸುಂದರಬಾಯಿ ಕೂಸನ್ನು ಎತ್ತಿ ಕೊಟ್ಟಳು.

ಅವರದೇ ಊರಿನ ಮಾಣಿಕಪ್ಪನ ಕಮಾನು ಬಂಡಿ ಎಲ್ಲರನ್ನೂ ಹೊತ್ತು ಕಲ್ಯಾಣದ ದಾರಿ ಹಿಡಿಯಿತು. ಅಡತಿ ಅಂಗಡಿಗೆ ತೊಗರಿ ತಂದಿಳಿಸಿ ಬರಿದಾಗಿ ಮರಳುತ್ತಿದ್ದ ಬಂಡಿ. ಮುನ್ನಿ ಬೀಯ ಮಗ ಸೈಫುದ್ದೀನ್ ಮುಂದೆ ಮೂಕಿಯ ಹತ್ತಿರ ಕೂತಿದ್ದ. ಅವನ ಹತ್ತಿ ಹಿಂಜುವ ಬಿಲ್ಲು ಬಂಡಿಯೊಳಗೆ ಹಿಡಿಸದೆ ಹೊರಗೆ ಚಾಚಿಕೊಂಡಿತ್ತು. ಚಳಿ ಶುರುವಾಗುವಾಗ ಹುಮನಾಬಾದಿನ ಸಾಹುಕಾರರೊಬ್ಬರ ಮದುವೆ ಮನೆಯ ಗಾದಿ ತುಂಬಲು ಹೋಗಿದ್ದ. ಗಾದಿಗೆ ಹಾಕುವ ಖೋಳು ಹೊಲಿಯಲಿಕ್ಕೆಂದು ಬಸುರಿ ಹೆಂಡತಿಯನ್ನೂ ಕರೆದೊಯ್ದಿದ್ದ. ಅಲ್ಲೇ, ಹತ್ತಿಯ ರಾಶಿಯ ನಡುವೆ, ಅವಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಬೇನೆ ಹತ್ತಿತ್ತು.

"ಸೈಫೂ, ನಿನ್ನ ಬಿಲ್ಲು ಎತ್ತಿನ ಕಣ್ಣಿಗಿ ಬಡೀತದಪಾ, ಜರಾ ಅತ್ಲಾಗ ಹಿಡಿ," ಎಂದ ಮಾಣಿಕಪ್ಪ. ಸ್ವಲ್ಪ ಹೊತ್ತಿನ ಮೇಲೆ ಹಿಂದಕ್ಕೆ ತಿರುಗಿ ಕೂಗಿದ: "ಮುನ್ನಿ ಬೀ, ನಿನ್ನ ಮಾತು ದೇವರು ನಡಸಿಕೊಟ್ಟ ನೋಡು. ಘಾಟಬೋರಾಳದ ನಿನ್ನ ಮೊಮ್ಮಗಗ ಹೇಂತಿ ಹುಟ್ಟ್ಯಾಳ. ದಿಬ್ಬಣ ನನ್ನ ಬಂಡ್ಯಾಗೇ ಹೋಗಬೇಕು, ಈಗೇ ಹೇಳೀನಿ!"

"ಮೊದಲ ಮನಿ ಮುಟ್ಟಿಸಪಾ ಮಾಣಿಕಪ್ಪ," ಎಂದಳು ಮುನ್ನಿ ಬೀ.

ಊರಿಗೆಲ್ಲ ಗೊತ್ತಿದ್ದ ಮಾತು ಅದು. ಘಾಟಬೋರಾಳದ ಬದ್ರುದ್ದೀನ್‌ಗೆ ಆಕೆ ತನ್ನ ಮಗಳು ಫಕ್ರುನ್ನೀಸಾಳನ್ನು ಕೊಟ್ಟಿದ್ದಳು. ಅಳಿಯನೂ ಪಿಂಜಾರನೇ. ಮದುವೆಯಾದ ಹೊಸತರಲ್ಲಿ ಒಂದು ದಿನ ಸೈಫುದ್ದೀನ್ ಆ ಊರಿಗೆ ಹೋದಾಗ, ಗೌಡರ ಮನೆಯ ಅಂಗಳದಲ್ಲಿ ಬದ್ರುದ್ದೀನ್ ತುಂಬಿದ್ದ ಗಾದಿಯನ್ನು ಕೈಯಿಂದ ಒತ್ತಿ ನೋಡಿ, ನಾಲ್ಕು ಜನರೆದುರು ಹೊಲಿಗೆ ಬಿಚ್ಚಿ, "ಮ್ಯಾಲ ಹೊಸದು, ಒಳಗ ಹಳೀ ಹತ್ತಿ ತುಂಬೀದಿ ಭಾವಾ," ಎಂದುಬಿಟ್ಟಿದ್ದ. ಪಿಂಜಾರನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಅಂದಿನಿಂದ ಬದ್ರುದ್ದೀನ್ ಹೆಂಡತಿಯನ್ನು ತವರಿಗೆ ಕಳಿಸಲಿಲ್ಲ. ಮುನ್ನಿ ಬೀಯ ಗಂಡ ಸತ್ತಾಗಲೂ ಫಕ್ರುನ್ನೀಸಾ ಮಣ್ಣಾದ ಮರುದಿನ ಬಂದು ಸಂಜೆಯೊಳಗೆ ಹೋಗಿದ್ದಳು. ಮಗಳಿಗೆ ಗಂಡು ಹುಟ್ಟಿದ ಸುದ್ದಿ ಬಂದಾಗ ಮುನ್ನಿ ಬೀ ಯಾರನ್ನೂ ಕೇಳದೆ ಘಾಟಬೋರಾಳಕ್ಕೆ ನಡೆದು, ಅಳಿಯನ ಅಂಗಳದಲ್ಲಿ ಕೂತು, "ನನ್ನ ಸೊಸಿಗಿ ಹೆಣ್ಣಾದ್ರ ನಿನ್ನ ಮಗಗ ಕೊಡ್ತೀನಿ, ಇದು ನನ್ನ ಜಬಾನ್," ಎಂದಿದ್ದಳು. ಆ ದಿನ ಸಕ್ಕರೆ ಹಂಚಿದ್ದರು. ಅದಾದ ಮೇಲೆಯೇ ಬದ್ರುದ್ದೀನ್ ಹೆಂಡತಿಯನ್ನು, ಮಗ ಅಲ್ಲಾಬಕ್ಷನನ್ನು ಕಲ್ಯಾಣಕ್ಕೆ ಕಳಿಸಿದ್ದ. "ನನ್ನ ಸೊಸೀನ ನೋಡಲಿಕ್ಕಿ ನಾನೇ ಬರ್ತೀನಿ, ಅಲ್ಲೀತನಾ ಇರಲಿ," ಎಂದು, ಹೆಣ್ಣು ಹುಟ್ಟಿದ ಸುದ್ದಿ ಮುಟ್ಟಿದ ಮೇಲೆ, ಹೇಳಿಯೂ ಕಳಿಸಿದ್ದ.

ಅರಳೆಯ ಗಂಟು ಮುನ್ನಿ ಬೀಯ ತೊಡೆಯ ಮೇಲೆ ಹಗುರವಾಗಿ ಅಲುಗುತ್ತಿತ್ತು. ದಾರಿಯುದ್ದಕ್ಕೂ ಜೋಳ ತೆನೆ ಕಟ್ಟಿ ನಿಂತಿತ್ತು. ಗಾಲಿ ಕಲ್ಲಿಗೆ ಬಡಿದಾಗಲೆಲ್ಲ ಆಕೆ ಅರಳೆಯೊಳಗೆ ಬೆರಳು ತೂರಿಸಿ, ಉಸಿರಿನ ಬಿಸಿ ತಾಕುತ್ತದೆಯೇ ಎಂದು ನೋಡುತ್ತಿದ್ದಳು.

ಕಿಲ್ಲೆಯ ಹಿಂದಿನ ಓಣಿಯ ಅವರ ಮನೆಯಲ್ಲಿ ಒಳಕೋಣೆ ಒಂದು, ಪಡಸಾಲೆ ಒಂದು. ಪಡಸಾಲೆಯಲ್ಲಿ ಹತ್ತಿ ಹಿಂಜುತ್ತಿದ್ದರು. ಕೂಸು ಬಂದ ದಿನದಿಂದ ಸೈಫುದ್ದೀನ್ ಬಿಲ್ಲನ್ನು ಹೊರಗೆ ಬೇವಿನ ಮರಕ್ಕೆ ತೂಗುಹಾಕಿ, ಹಿಂಜುವುದನ್ನು ಅಂಗಳದಲ್ಲೇ ಮಾಡತೊಡಗಿದ; ಹತ್ತಿಯ ಧೂಳು ಕೂಸಿನ ಮೂಗಿಗೆ ಹೋಗಬಾರದೆಂದು. ಒಳಗೆ ಇದ್ದಿಲಿನ ಅಗ್ಗಿಷ್ಟಿಕೆ. ಬುಟ್ಟಿಯ ತುಂಬ ಅರಳೆ, ಅರಳೆಯ ನಡುವೆ ಕೂಸು.

ಫಕ್ರುನ್ನೀಸಾ ಬಾಗಿಲಲ್ಲೇ ನಿಂತು ನೋಡಿದಳು. ಕಂಕುಳಲ್ಲಿ ಅಲ್ಲಾಬಕ್ಷ, ಮಡಿಕೆ ಮಡಿಕೆ ತೊಡೆಯ ದುಂಡು ಹುಡುಗ, ತಾಯಿಯ ಕುಪ್ಪಸ ಜಗ್ಗುತ್ತಿದ್ದ.

"ಇಷ್ಟೇ ಅದ ಏನಮ್ಮಿ!" ಎಂದಳು.

"ಇಷ್ಟೇ ಅದ. ಹೊರಗ ಹೋಗು. ಮಗನ್ನ ಹೊರಗ ಕುಡಿಸು."

ಹೊರಗೆ ಎಂದರೇನು, ಇದ್ದದ್ದೇ ಪಡಸಾಲೆ. ಫಕ್ರುನ್ನೀಸಾ ಅಲ್ಲಿ ಕೂತು ಮಗನಿಗೆ ಕುಡಿಸಿದರೆ, ಅವನು ಗುಟುಕು ಗುಟುಕಾಗಿ ನುಂಗುವ ಸಪ್ಪಳ ಒಳಗೆ ರಾಬಿಯಾಳ ಕಿವಿಗೆ ಬೀಳುತ್ತಿತ್ತು. ರಾಬಿಯಾ ತನ್ನ ಎದೆಯನ್ನು ಹಿಂಡಿ ಹಿಂಡಿ ಕೆಂಪು ಮಾಡಿಕೊಂಡಿದ್ದಳು. ಹಿಂಡಿದರೆ ಬೆರಳಿನ ತುದಿ ಒದ್ದೆಯಾಗುತ್ತಿತ್ತು, ಅಷ್ಟೇ. ಆ ಒದ್ದೆಯನ್ನೇ ಕೂಸಿನ ತುಟಿಗೆ ಸವರುತ್ತಿದ್ದಳು. ಮೆಂತ್ಯದ ಗಂಜಿ, ಸಬ್ಬಸಿಗೆ, ಖೊಬ್ಬರಿ, ಓಣಿಯವರು ಹೇಳಿದ್ದನ್ನೆಲ್ಲ ಮುನ್ನಿ ಬೀ ತಿನ್ನಿಸಿದಳು.

ಆಡಿನ ಹಾಲು ಪಕ್ಕದ ಮನೆಯ ಗಂಗುಬಾಯಿಯದು. ಹಿಂಡಿದ ಕೂಡಲೇ ಚೊಂಬಿನಲ್ಲಿ ತಂದು ಕೊಡುತ್ತಿದ್ದಳು. ಮುನ್ನಿ ಬೀ ನೀರು ಬೆರೆಸಿ, ಕುದಿಸಿ, ಆರಿಸಿ, ನೂಲುವ ಹಂಜಿಯಂತೆ ಅರಳೆ ಹೊಸೆದು ಬತ್ತಿ ಮಾಡಿ, ತುದಿಯನ್ನು ಅದ್ದಿ ಕೂಸಿನ ತುಟಿಯ ಮೇಲೆ ಹಿಡಿಯುತ್ತಿದ್ದಳು. ಹನಿ ಜಾರಿ ಒಳಗಿಳಿಯುತ್ತಿತ್ತು. ಕೂಸಿನ ಗಂಟಲು ಒಮ್ಮೆ ಏರಿ ಇಳಿಯುತ್ತಿತ್ತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಅಷ್ಟರಲ್ಲಿ ಬತ್ತಿ ಆರುತ್ತಿತ್ತು, ಮತ್ತೆ ಅದ್ದಬೇಕು.

ಒಂದೆರಡು ದಿನ ಹಾಲು ಹೊಟ್ಟೆಯಲ್ಲಿ ನಿಂತಿತು. ಆಮೇಲೆ ಕೂಸಿನ ಹೊಟ್ಟೆ ಉಬ್ಬತೊಡಗಿತು. ಕುಡಿದದ್ದನ್ನು ಮೊಸರಾಗಿ ಕಾರಿತು. ಅರಳೆಯೆಲ್ಲ ಹಸಿರು ನೀರಾಗಿ ಹೊಲಸಾಯಿತು. ಮುನ್ನಿ ಬೀ ಹೊಲಸಾದ ಅರಳೆಯನ್ನು ತೆಗೆದು ಹೊಸದನ್ನು ತುಂಬಿದಳು. ತುಂಬುವಾಗ ಪ್ರತಿ ಸಲ ಮೊದಲಿಗಿಂತ ಹೆಚ್ಚು ಅರಳೆ ಹಿಡಿಸುತ್ತಿತ್ತು. ಕೂಸು ಕರಗುತ್ತಿದೆ ಎಂಬುದು ಆಕೆಗೆ ತಿಳಿದಿತ್ತು.

ಗಂಗುಬಾಯಿ ಒಂದು ಮುಂಜಾನೆ ಚೊಂಬು ಕೊಟ್ಟು ಹೋಗದೆ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತಳು.

"ಏ ಮುನ್ನಿ ಬೀ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಪಡಸಾಲ್ಯಾಗ ನಿನ್ನ ಮಗಳು ಹಾಲಿನ ಕೊಡ ಆಗಿ ಕುಂತಾಳ. ಆ ನಿನ್ನ ಮೊಮ್ಮಗ ಕುಡುದು ಕುಡುದು ಉಗುಳಾಕತ್ತಾನ. ನೀ ನೋಡಿದ್ರ ನನ್ನ ಆಡಿನ ಹಿಂದ ಬಿದ್ದೀದಿ. ನನ್ನ ಆಡಿಗೇ ನಾಚಿಕಿ ಬಂದದ."

"ಹಂಗ ಆಗೂದಿಲ್ಲವ್ವಾ. ನಿನಗ ತಿಳಿಯೂದಿಲ್ಲ."

"ತಿಳಿಯೂದಿಲ್ಲಂದ್ರ ತಿಳಿಸಿ ಹೇಳು. ಸ್ವಾದರತ್ತಿ ಹಾಲು ಕೂಸಿಗಿ ಆಗೂದಿಲ್ಲೇನು?"

"ನಮ್ಮಲ್ಲಿ ಒಬ್ಬಾಕಿ ಹಾಲು ಕುಡುದ ಕೂಸುಗಳು ಅಣ್ಣ ತಂಗಿ ಆಗ್ತಾವ ಗಂಗವ್ವಾ. ಹೊಟ್ಟ್ಯಾಗ ಹುಟ್ಟಿದಂಗೇ ಲೆಕ್ಕ. ಆಮ್ಯಾಲ ನಿಕಾ ಆಗೂದಿಲ್ಲ, ಹರಾಮ. ನಾ ಜಬಾನ್ ಕೊಟ್ಟೀನಿ."

"ನಮ್ಮಲ್ಲಿ ಸ್ವಾದರತ್ತಿ ಮಗಗೇ ಕೊಡ್ತೀವಿ, ಹಾಲೂ ಕುಡಿಸ್ತೀವಿ, ಯಾರೂ ಕೇಳೂದಿಲ್ಲ. ನಿಮ್ಮದು ನಿಮಗ," ಎಂದಳು ಗಂಗುಬಾಯಿ. ಏಳುವಾಗ ಬುಟ್ಟಿಯೊಳಗೆ ಇಣುಕಿ, ದನಿ ಬದಲಿಸಿ ಅಂದಳು: "ಆದ್ರೂ ಯವ್ವಾ, ನಿಕಾ ಆಗಬೇಕಂದ್ರ ಹುಡುಗಿ ಇರಬೇಕಲ್ಲ."

ಆ ಮಾತು ಇಡೀ ದಿನ ಮುನ್ನಿ ಬೀಯ ಬೆನ್ನಿಗೆ ಬಿದ್ದಿತು. ಹಾಗೆಂದು ಬೇರೆ ದಾರಿಯೂ ಕಾಣಲಿಲ್ಲ. ಕೊಟ್ಟ ಮಾತು ಮುರಿದರೆ ಬದ್ರುದ್ದೀನ್ ಏನು ಮಾಡುತ್ತಾನೆಂದು ಆಕೆಗೆ ಗೊತ್ತಿತ್ತು. ಬಾಯಿಬಿಟ್ಟು ಒಂದು ಮಾತೂ ಅನ್ನುವುದಿಲ್ಲ. ಹೆಂಡತಿಯನ್ನು ಕರೆದುಕೊಂಡು ಹೋಗುತ್ತಾನೆ, ಮತ್ತೆ ಕಳಿಸುವುದಿಲ್ಲ. ಮಗಳಿಲ್ಲದ ಆ ವರ್ಷಗಳಲ್ಲಿ ಈದಿನ ದಿನ ಶಾವಿಗೆ ಬೇಯಿಸಿ ಒಬ್ಬಳೇ ಬಾಗಿಲಲ್ಲಿ ಕೂತದ್ದನ್ನು ಮುನ್ನಿ ಬೀ ಮರೆತಿರಲಿಲ್ಲ. ಈಗ ಮಗಳು ಮನೆಯಲ್ಲಿ ಓಡಾಡುತ್ತಿದ್ದಾಳೆ. ಸಂಜೆ ಮುಂದೆ ಒಂದೇ ಚಾಪೆಯಲ್ಲಿ ಕೂತು ಇಬ್ಬರೂ ಖೋಳು ಹೊಲಿಯುತ್ತಾರೆ. ಇದನ್ನು ಕೈಯಾರೆ ಹೇಗೆ ಕಡಿದುಕೊಳ್ಳುವುದು?

ಮಧ್ಯಾಹ್ನ ಕೂಸು ಅತ್ತಿತು. ಅಳುವೂ ಈಗ ಅರ್ಧಕ್ಕೇ ನಿಲ್ಲುತ್ತಿತ್ತು. ಪಡಸಾಲೆಯಲ್ಲಿ ಸೂಜಿ ಹಿಡಿದು ಕೂತಿದ್ದ ಫಕ್ರುನ್ನೀಸಾ ಥಟ್ಟನೆ ಎರಡೂ ತೋಳುಗಳನ್ನು ಎದೆಗೆ ಒತ್ತಿಕೊಂಡು ಮುಖ ತಿರುಗಿಸಿದಳು. ಅಲ್ಲಾಬಕ್ಷ ಅತ್ತ ನಿದ್ದೆ ಮಾಡುತ್ತಿದ್ದ. ಆದರೂ ಅವಳ ಕುಪ್ಪಸದ ಮುಂಭಾಗ ನೋಡುನೋಡುತ್ತಿದ್ದಂತೆ ಒದ್ದೆಯಾಗಿ, ಒದ್ದೆ ಹೊಟ್ಟೆಯವರೆಗೆ ಇಳಿಯಿತು. ಅವಳು ಸೆರಗು ಹೊದ್ದುಕೊಂಡಳು. ಸೆರಗಿಗೂ ಹತ್ತಿತು.

"ನಾ ಏನ್ ಮಾಡಲಿ ಅಮ್ಮಿ," ಎಂದಳು ತಪ್ಪು ಮಾಡಿದವಳಂತೆ. "ಅದು ಅಳಾಕತ್ತಿತಂದ್ರ ತಾನೇ ಬರ್ತದ. ಇಡೀ ದಿನಾ ಹಿಂಗೇ ಆಗಾಕತ್ತದ."

ಒಳಗಿನಿಂದ ರಾಬಿಯಾ ಎದ್ದು ಬಂದು ಹೊಸ್ತಿಲು ಹಿಡಿದು ನಿಂತಳು. ಬಾಣಂತಿ ಹಾಗೆ ಎದ್ದು ಬರಬಾರದು. ಮುನ್ನಿ ಬೀ ಗದರಿಸುವ ಮೊದಲೇ ಅವಳು ಅಂದಳು:

"ಅತ್ತಿ, ದವಾಖಾನ್ಯಾಗ ನೀವು ಯಾರೂ ಇಲ್ಲಂದ್ರಿ. ನಾ ಬಾಯಿ ಮುಚ್ಚಿಕೊಂಡೆ. ನಿಮ್ಮ ಜಬಾನ್ ದೊಡ್ಡದು, ಖರೆ. ನನ್ನ ಮಗಳು ಯಾರ ಸೊಸಿನೂ ಆಗೂದು ಬ್ಯಾಡ. ಅದು ಹೊಲಸು ಮಾಡ್ಕೊಂಡು, ಅತ್ತು, ನನ್ನ ಮುಂದ ಬದುಕಿದ್ರ ಸಾಕು."

"ಒಳಗ ನಡಿ, ಗಾಳಿ ಬಡೀತದ," ಎಂದಳು ಮುನ್ನಿ ಬೀ.

ಮರುದಿನ ನಸುಕಿನಲ್ಲಿ, ಸೈಫುದ್ದೀನ್ ಕೆರೆಯ ಕಡೆ ಹೋಗಿದ್ದಾಗ, ಆಕೆ ಒಂದು ಕಂಚಿನ ಬಟ್ಟಲನ್ನು ಬೂದಿಯಲ್ಲಿ ತಿಕ್ಕಿ, ಬಿಸಿನೀರಲ್ಲಿ ತೊಳೆದು ಮಗಳ ಮುಂದೆ ಇಟ್ಟಳು.

"ಇದರಾಗ ಹಿಂಡು."

ಫಕ್ರುನ್ನೀಸಾ ಬಟ್ಟಲನ್ನು ನೋಡಿದಳು, ತಾಯಿಯನ್ನು ನೋಡಿದಳು. "ಅಮ್ಮಿ, ನಮ್ಮ ಮನ್ಯಾಗ ಅವರಿಗಿ ಗೊತ್ತಾದ್ರ…"

"ಬಾಯಿ ಹಚ್ಚೂದಿಲ್ಲ. ಬತ್ತಿಲೆ ಹಾಕ್ತೀನಿ. ಬತ್ತಿಲೆ ಹಾಕಿದ್ರ ಮೊಲಿ ಕುಡಿಸಿದಂಗ ಆಗೂದಿಲ್ಲ."

"ಖರೇ ಏನು?"

"ನಾ ಹೇಳಾಕತ್ತೀನಲ್ಲ."

ಫಕ್ರುನ್ನೀಸಾ ಗೋಡೆಯ ಕಡೆ ತಿರುಗಿದ ಕೂಡಲೇ ಹಾಲು ಬಟ್ಟಲಿನ ಅಂಚಿಗೆ ಸರ್ರೆಂದು ಬಡಿದ ಸಪ್ಪಳ ಕೇಳಿತು. ಎಷ್ಟೋ ದಿನದಿಂದ ಬಾಗಿಲಲ್ಲಿ ನಿಂತಿದ್ದವರು ಒಳಗೆ ಬಂದ ಹಾಗೆ.

ಮುನ್ನಿ ಬೀ ಹೊಸ ಬತ್ತಿ ಹೊಸೆದಳು. ಅದ್ದಿದಳು. ಕೂಸು ಮೊದಲ ಹನಿಯನ್ನು ನುಂಗಿತು. ಎರಡನೆಯದನ್ನು ನುಂಗಿತು. ಮುಂದಿನದಕ್ಕೆ ಕಾಯದೆ ತುಟಿಯನ್ನು ಸಣ್ಣಗೆ ಆಡಿಸಿತು. ರಾಬಿಯಾ ಮಲಗಿದಲ್ಲಿಂದಲೇ ಬಟ್ಟಲಿನೊಳಗೆ ನೋಡುತ್ತಿದ್ದಳು.

"ಆಡಿನ ಹಾಲು ಹಿಂಗ ತೆಳ್ಳಗ, ನೀಲಿ ಬಣ್ಣ ಇರೂದಿಲ್ಲತ್ತಿ," ಎಂದಳು ಮೆಲ್ಲಗೆ.

"ನೀರು ಜಾಸ್ತಿ ಬಿದ್ದದ," ಎಂದಳು ಮುನ್ನಿ ಬೀ. ರಾಬಿಯಾ ಕಣ್ಣು ಮುಚ್ಚಿಕೊಂಡಳು. ರೆಪ್ಪೆಯ ಕೆಳಗಿನಿಂದ ನೀರು ಕಿವಿಯ ಕಡೆ ಇಳಿಯಿತು.

ಆಮೇಲೆ ಗಂಗುಬಾಯಿಯ ಚೊಂಬು ಬರುತ್ತಲೇ ಇತ್ತು, ಆ ಹಾಲನ್ನು ಮುನ್ನಿ ಬೀ ಹಿತ್ತಲಿನ ಬೂದಿಗುಂಡಿಗೆ ಸುರಿಯುತ್ತಿದ್ದಳು. ಕೂಸಿನ ಹೊಟ್ಟೆ ಇಳಿಯಿತು. ಅರಳೆ ಹಳದಿಯಾಗಿ ಹೊಲಸಾಯಿತು, ಹಸಿರಾಗಲಿಲ್ಲ. ಬುಟ್ಟಿಯಲ್ಲಿ ಹಿಡಿಸುವ ಅರಳೆ ಒಂದು ಹಿಡಿ ಕಡಿಮೆಯಾದಂತೆ ಆಕೆಗೆ ಅನ್ನಿಸಿತು. ಅಳು ಓಣಿಯವರೆಗೆ ಕೇಳಿದ ದಿನ ಗಂಗುಬಾಯಿ ತನ್ನ ಗೋಡೆಯಾಚೆಯಿಂದಲೇ ಕೂಗಿ ಹೇಳಿದಳು: "ನೋಡಿದ್ಯಾ ಮುನ್ನಿ ಬೀ, ನನ್ನ ಆಡಿನ ಪ್ರತಾಪ!"

ಮುನ್ನಿ ಬೀಗೆ ನಗು ಬರಲಿಲ್ಲ. ಬತ್ತಿಯಿಂದ ಹಾಕಿದರೆ ಆಗುವುದಿಲ್ಲ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಆಕೆಯೇ ಹೇಳಿಕೊಂಡಿದ್ದಳು. ಹೇಳಿಕೊಂಡ ಮಾತು ದಿನ ಕಳೆದಂತೆ ಗಾದಿಯೊಳಗಿನ ಗಂಟಿನಂತೆ ಒತ್ತತೊಡಗಿತು. ಮಲಗಿದವರಿಗೆ ಗೊತ್ತಾಗುತ್ತದೆ, ಮೇಲಿನಿಂದ ನೋಡಿದವರಿಗೆ ಕಾಣುವುದಿಲ್ಲ.

ಶುಕ್ರವಾರ ನಮಾಜು ಮುಗಿದ ಮೇಲೆ ಆಕೆ ಮಸೀದಿಯ ಮುಲ್ಲಾ ಸಾಹೇಬರ ಮನೆಗೆ ಹೋದಳು. ಹಿಂಜಿ ತುಂಬಿದ ಅವರ ತಲೆದಿಂಬು ಕೊಡುವ ನೆಪವಿತ್ತು. ಮುಲ್ಲಾ ದಿಂಬನ್ನು ಒತ್ತಿ ನೋಡಿ, "ಶಾಬಾಸ್," ಎಂದರು. ಆಕೆ ಏಳಲಿಲ್ಲ.

"ಒಂದು ಮಾತು ಕೇಳೂದಿತ್ರಿ ಸಾಹೇಬ. ಬೇಮಳಖೇಡದಾಗ ನಮ್ಮ ಪೈಕಿ ಯಾರದೋ ಮನ್ಯಾಗ ಹಿಂಗಾಗ್ಯದಂತ. ಕೂಸಿಗಿ ತಾಯಿ ಹಾಲಿಲ್ಲ. ಮತ್ತೊಬ್ಬಾಕಿ ಹಾಲು ಬಟ್ಟಲಾಗ ಹಿಂಡಿ, ಬತ್ತಿಲೆ ಹಾಕ್ಯಾರ. ಮೊಲಿಗಿ ಬಾಯಿ ಹಚ್ಚಿಲ್ಲ. ಅದು… ಅದೂ ರಿಶ್ತಾ ಆಗ್ತದೇನ್ರಿ?"

"ಹೊಟ್ಟಿಗಿ ಇಳೀತೇನು?"

"ಇಳೀತ್ರಿ."

"ಹಂಗಿದ್ರ ಆತು. ಬತ್ತಿಲೆ ಹೋಗಲಿ, ಚಮಚಾಲೆ ಹೋಗಲಿ. ಆಕಿ ಅದಕ್ಕ ತಾಯಿ, ಆಕಿ ಮಕ್ಕಳು ಅದಕ್ಕ ಅಣ್ಣ ತಮ್ಮ." ಮುಲ್ಲಾ ದಿಂಬನ್ನು ಗೋಡೆಗೆ ಆನಿಸಿ, ಅದಕ್ಕೆ ಒರಗಿ, ಆಕೆಯನ್ನು ನೋಡದೆ ಮಾತಾಡಿದರು. "ಬೇಮಳಖೇಡದೋರಿಗಿ ಹೇಳು ಅಮ್ಮಾ. ಕೂಸಿನ ಜೀವ ಉಳಿಸಿದ್ದು ಗುನ್ಹೇ ಅಲ್ಲ. ಮುಚ್ಚಿಟ್ಟು, ಮುಂದ ಅವರಿಬ್ಬರಿಗೂ ನಿಕಾ ಮಾಡಿದ್ರ, ಅದು ಗುನ್ಹೇ. ಕುಡಿಸಿದೋರು ಸತ್ತು ಹೋಗಿರ್ತಾರ, ಆ ಮಕ್ಕಳು ಏನೂ ತಿಳೀಲಾರದ ಅದರಾಗ ಬಿದ್ದಿರ್ತಾವ."

"ಹೇಳ್ತೀನ್ರಿ," ಎಂದಳು ಮುನ್ನಿ ಬೀ. ಹೊರಗೆ ಬಂದವಳಿಗೆ ಚಪ್ಪಲಿ ಎಡಬಲ ಆಗಿದ್ದು ಓಣಿಯ ತಿರುವಿನವರೆಗೂ ಗೊತ್ತಾಗಲಿಲ್ಲ.

ಹೇಳಬೇಕೆಂದರೆ ಯಾರಿಗೆ ಹೇಳುವುದು? ಸೈಫುದ್ದೀನ್‌ಗೆ ಹೇಳಿದರೆ ಅವನು ಹೊಲಿಗೆ ಬಿಚ್ಚುವ ಜಾತಿಯವನು, ಆ ಕ್ಷಣವೇ ಘಾಟಬೋರಾಳಕ್ಕೆ ಹೋಗಿ ಅಂಗಳದಲ್ಲಿ ನಿಂತು ಹೇಳಿಬರುತ್ತಾನೆ. ಫಕ್ರುನ್ನೀಸಾಗೆ ಹೇಳಿದರೆ ಅವಳು ಹೆದರಿ ಹಾಲೇ ನಿಂತರೆ? ಮುನ್ನಿ ಬೀ ಬಟ್ಟಲು ತೊಳೆದಳು, ಬತ್ತಿ ಹೊಸೆದಳು. ಹನಿಗೊಮ್ಮೆ ಹೇಳಬೇಕೆನ್ನುತ್ತಿದ್ದಳು, ಹನಿಗೊಮ್ಮೆ ನಾಳೆ ಎನ್ನುತ್ತಿದ್ದಳು.

ನಾಳೆ ಬರುವ ಮೊದಲೇ ಬದ್ರುದ್ದೀನ್ ಬಂದ. ತನ್ನದೇ ಬಂಡಿ ಕಟ್ಟಿಕೊಂಡು, ಹೊಸ ರುಮಾಲು ಸುತ್ತಿಕೊಂಡು, ಒಂದು ಚೀಲ ಬೆಲ್ಲ, ಹುರಿದ ಶೇಂಗಾ ಹಿಡಿದು ಬಂದ. ಸೈಫುದ್ದೀನ್ ಅಂಗಳದಲ್ಲಿ ಹತ್ತಿ ಹಿಂಜುವುದನ್ನು ಬಿಟ್ಟು ಎದ್ದು, "ಬರ್ರಿ ಭಾವಾ," ಎಂದ. ಬದ್ರುದ್ದೀನ್ ಬಿಲ್ಲಿನ ತಂತಿಯನ್ನು ಒಮ್ಮೆ ಮಿಡಿದು, "ಸಡಲಾಗ್ಯದ, ಜಗ್ಗಿ ಕಟ್ಟು," ಎಂದು ನಕ್ಕ, ಸೈಫುದ್ದೀನ್ ಕೂಡ ನಕ್ಕ. ಆ ಹಳೆಯ ದಿನದ ನಂತರ ಅವರಿಬ್ಬರೂ ನಕ್ಕಿದ್ದನ್ನು ಮುನ್ನಿ ಬೀ ನೋಡಿರಲಿಲ್ಲ.

ಪಡಸಾಲೆಯಲ್ಲಿ ಕೂತು ನೀರು ಕುಡಿದು ಅವನು ಅಂಗಿಯ ಜೇಬಿನಿಂದ ಬಟ್ಟೆಯ ಸಣ್ಣ ಗಂಟು ತೆಗೆದ. ಬೆಳ್ಳಿಯ ಎರಡು ಬಳೆ. ಬೆರಳಿಗೆ ಹಾಕುವ ಉಂಗುರಕ್ಕಿಂತ ತುಸು ದೊಡ್ಡವು.

"ಅಕ್ಕಸಾಲ್ಯಾ ನರಸಿಂಗಗ ಹೇಳಿದೆ, ಭಾಳ ಸಣ್ಣ ಕೂಸದಪಾ, ಸಣ್ಣವೇ ಮಾಡು ಅಂತ. ಅವ ಕೇಳ್ತಾನ, ಗೊಂಬಿಗೇನು ಅಂತ. ನನ್ನ ಸೊಸಿಗಿ ಅಂದೆ," ಎಂದ. "ತಗೊಂಡು ಬರ್ರಿ ಅಮ್ಮಿ, ನಾನೇ ಹಾಕ್ತೀನಿ. ಹಾಕಿ, ಫಕ್ರುನ್ನ ಕರಕೊಂಡು ಸಂಜಿಗಿ ಹೊಂಡ್ತೀನಿ. ಹೊಲದಾಗ ಕೊಯ್ಲು ಬಂದದ, ಮನ್ಯಾಗ ಮುದುಕಿ ಒಬ್ಬಾಕೇ."

ಫಕ್ರುನ್ನೀಸಾ ಒಳಕೋಣೆಯ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳ ಮುಖದ ಬಣ್ಣ ಹೋದದ್ದನ್ನು ಮುನ್ನಿ ಬೀ ನೋಡಿದಳು. ರಾಬಿಯಾ ಬುಟ್ಟಿಯಿಂದ ಕೂಸನ್ನು ಎತ್ತಿ ಎದೆಗೆ ಅವಚಿಕೊಂಡಳು. ಆ ಅಲುಗಾಟಕ್ಕೆ ಕೂಸು ಎಚ್ಚತ್ತು ಅಳಲು ಶುರುಮಾಡಿತು. ಹಸಿವಿನ ಅಳು. ಹೊತ್ತೂ ಆಗಿತ್ತು.

ಇಷ್ಟು ಸಣ್ಣ ಮಣಿಕಟ್ಟು, ಅದಕ್ಕೆ ಆ ಬಳೆ. ಒಮ್ಮೆ ತೊಡಿಸಿಬಿಟ್ಟರೆ ಆಮೇಲೆ ಅದನ್ನು ಯಾರು ತೆಗೆಯುತ್ತಾರೆ? ಸಂಜೆಗೆ ಫಕ್ರುನ್ನೀಸಾ ಹೋಗುತ್ತಾಳೆ. ನಾಳೆ ಮುಂಜಾನೆ ಬಟ್ಟಲು ಖಾಲಿ. ಗಂಗುಬಾಯಿಯ ಚೊಂಬು ಬರುತ್ತದೆ. ಮುನ್ನಿ ಬೀ ಬಳೆಗಳನ್ನು ನೋಡುತ್ತ ನಿಂತಳು. ಆಮೇಲೆ ಒಳಗೆ ಹೋಗಿ, ರಾಬಿಯಾಳ ಕೈಯಿಂದ ಕೂಸನ್ನು ತೆಗೆದುಕೊಂಡು, ಮಗಳ ತೋಳಲ್ಲಿ ಇಟ್ಟಳು.

"ಕುಡಿಸು."

"ಅಮ್ಮಿ!"

"ಇನ್ನ ಬತ್ತಿ ಬ್ಯಾಡ. ಆ ಮೂಲ್ಯಾಗ ಕೂತು ಎದಿಗಿ ಹಚ್ಚಿ ಕುಡಿಸು."

ಆಕೆ ಹೊರಬಂದು ಅಳಿಯನ ಮುಂದೆ ನೆಲದ ಮೇಲೆ ಕೂತಳು. "ಬದ್ರೂ, ಆ ಬಳಿ ಒಳಗ ಇಡು. ನಾ ನಿನಗ ಕೊಟ್ಟ ಮಾತು ನಾನೇ ಮುರದೀನಿ. ಕೂಸು ಸಾಯಾಕತ್ತಿತ್ತು. ಫಕ್ರುನ ಹಾಲು ಬಟ್ಟಲಾಗ ಹಿಂಡಿಸಿ, ಬತ್ತಿಲೆ ಹಾಕೀನಿ. ಬತ್ತಿಲೆ ಹಾಕಿದ್ರ ರಿಶ್ತಾ ಆಗೂದಿಲ್ಲಂತ ಆಕಿಗಿ ಸುಳ್ಳು ಹೇಳೀನಿ. ಆಕಿದು ತಪ್ಪಿಲ್ಲ. ನಿನ್ನ ಮಗ, ಈ ಕೂಸು, ಈಗ ಅಣ್ಣ ತಂಗಿ."

ಬದ್ರುದ್ದೀನ್ ಬಳೆಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದ.

"ಎಷ್ಟು ದಿನಾ ಆತು ಇದು?"

"ಆತು ಭಾಳ ದಿನಾ."

"ನನಗ ಹೇಳಿ ಕಳಿಸಲಿಲ್ಲ."

"ಇಲ್ಲ."

"ನಿಮ್ಮ ಮಗ ನಾಕು ಮಂದಿ ಮುಂದ ನನ್ನ ಗಾದಿ ಬಿಚ್ಚಿದ, ಮ್ಯಾಲ ಹೊಸದು ಒಳಗ ಹಳೇದು ಅಂದ," ಬದ್ರುದ್ದೀನ್ ದನಿ ಏರಿಸಲಿಲ್ಲ. "ನಾ ಗೌಡರಿಗಿ ಹೇಳೇ ತುಂಬಿದ್ದೆ. ಅರ್ಧಾ ಹಳೇದೇ ಹಾಕಪಾ ಅಂದಿದ್ರು. ಇವ ಕೇಳಲಿಲ್ಲ, ನಾ ಹೇಳಲಿಲ್ಲ. ಹೋಗಲಿ. ಇದನ್ನ ಯಾರು ತುಂಬಿದ್ರು ಅಮ್ಮಿ? ಇದನ್ನ ಬಿಚ್ಚಿ ಯಾರಿಗಿ ತೋರಸಲಿ?"

ಸೈಫುದ್ದೀನ್ ಏನೋ ಹೇಳಲು ಒಂದು ಹೆಜ್ಜೆ ಮುಂದಿಟ್ಟ. ಬದ್ರುದ್ದೀನ್ ಕೈ ಎತ್ತಿ ತಡೆದ. ಒಳಗಿನಿಂದ ಕೂಸಿನ ಅಳು ನಿಂತಿತ್ತು. ಎಲ್ಲರಿಗೂ ಅದು ನಿಂತದ್ದು ಕೇಳಿಸಿತು.

"ಫಕ್ರುನ್ನ ಬಿಟ್ಟು ಹೋಗು ಬದ್ರೂ," ಎಂದಳು ಮುನ್ನಿ ಬೀ. "ಕೂಸಿಗಿ ತಾಕತ್ತು ಬರೋತನಾ. ನಿನ್ನ ಕಾಲು ಹಿಡೀತೀನಿ."

ಬದ್ರುದ್ದೀನ್ ಬಳೆಗಳನ್ನು ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ, ಜೇಬಿಗೆ ಇಳಿಸಿದ. ನಿದ್ದೆಯಿಂದೆದ್ದು ಅಂಬೆಗಾಲಿಟ್ಟು ಬಂದಿದ್ದ ಮಗನನ್ನು ಎತ್ತಿ, ಅವನ ಮೂಗು ಒರೆಸಿ, ಮತ್ತೆ ನೆಲಕ್ಕೆ ಬಿಟ್ಟ. ಬೆಲ್ಲದ ಚೀಲ ಇದ್ದಲ್ಲೇ ಇತ್ತು.

"ಇಟ್ಕೊಳ್ರಿ ನಿಮ್ಮ ಮಗಳನ್ನ," ಎಂದು ಚಪ್ಪಲಿ ಮೆಟ್ಟಿಕೊಂಡ.

ಕೂಸಿಗಾಗಿ ಇಟ್ಟುಕೊಳ್ಳಿ ಎಂದನೋ, ಇನ್ನು ನನಗೆ ಬೇಡ ಎಂದನೋ, ಮುನ್ನಿ ಬೀಗೆ ಅವನ ಬೆನ್ನಿನಿಂದ ತಿಳಿಯಲಿಲ್ಲ. ಸೈಫುದ್ದೀನ್ ಅವನ ಹಿಂದೆ ಓಡಿದ. "ಭಾವಾ, ಊಟ ಮಾಡಿ ಹೋಗ್ರಿ… ಭಾವಾ, ಆ ಗಾದಿ ಮಾತು ನಾ ತಪ್ಪು ಮಾಡೀನಿ…" ಎಂಬ ಮಾತು ಓಣಿಯಲ್ಲಿ ಸ್ವಲ್ಪ ದೂರದವರೆಗೆ ಕೇಳಿ ನಿಂತಿತು. ಬಂಡಿ ಹೂಡುವ ಸಪ್ಪಳ ಕೂಡಲೇ ಬರಲಿಲ್ಲ.

ಆಕೆ ಒಳಗೆ ಹೋದಳು. ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಫಕ್ರುನ್ನೀಸಾ ಕೂತಿದ್ದಳು. ಭುಜ ಅಲುಗುತ್ತಿತ್ತು, ಆದರೆ ತೋಳು ಅಲುಗದಂತೆ ಬಿಗಿಹಿಡಿದಿದ್ದಳು. ರಾಬಿಯಾ ಅವಳ ಪಕ್ಕದಲ್ಲಿ ಮೊಣಕಾಲೂರಿ, ಕೂಸಿನ ತಲೆಗೆ ಕೈ ಆಸರೆ ಕೊಟ್ಟಿದ್ದಳು. ಕೂಸು ಚೀಪುತ್ತಿತ್ತು. ಎರಡು ಸಲ ಚೀಪಿ ನಿಲ್ಲಿಸಿ, ಉಸಿರು ಹಿಡಿದು, ಮತ್ತೆ ಚೀಪುತ್ತಿತ್ತು.

"ಏನಂದ್ರಮ್ಮಿ ಅವರು?" ಫಕ್ರುನ್ನೀಸಾ ತಿರುಗದೆ ಕೇಳಿದಳು. "ನನ್ನ ಬಿಟ್ರೇನು?"

"ಗೊತ್ತಿಲ್ಲವ್ವಾ," ಎಂದಳು ಮುನ್ನಿ ಬೀ. ಈ ಸಲ ಮಗಳಿಗೆ ಬೇರೆ ಏನೂ ಹೇಳಲು ಆಕೆಗೆ ಧೈರ್ಯವಾಗಲಿಲ್ಲ.

ಓಣಿಯ ತುದಿಯಲ್ಲಿ ಗಾಲಿ ಉರುಳಿದ ಸಪ್ಪಳ ಬಂತು. ನಿಂತಿತು. ಮತ್ತೆ ಉರುಳಿತು. ಮೂವರೂ ಕೇಳುತ್ತ ಕೂತರು. ಸಪ್ಪಳ ಘಾಟಬೋರಾಳಕ್ಕೆ ಹೋಗುವ ಹುಮನಾಬಾದಿನ ದಾರಿಯ ಕಡೆ ತಿರುಗಿ ಸಣ್ಣಗಾಯಿತು. ಅಷ್ಟರಲ್ಲಿ ಕೂಸು ದಣಿದು ಬಾಯಿ ಬಿಟ್ಟಿತು. ತುಟಿಯ ಮೂಲೆಯಲ್ಲಿ ಹಾಲಿನ ಗೆರೆ. ಹೊಟ್ಟೆ ಇನ್ನೂ ಅರ್ಧ ತುಂಬಿರಲಿಲ್ಲ.

ಮುನ್ನಿ ಬೀ ಕಂಚಿನ ಬಟ್ಟಲನ್ನು ಮಗಳ ಮುಂದೆ ಸರಿಸಿ, ಅರಳೆ ತೆಗೆದುಕೊಂಡು ಬತ್ತಿ ಹೊಸೆಯಲು ಕೂತಳು.